ಸಾವಿರಾರು ವಿಮಾನಗಳ ಆರ್ಡರ್ ನಂಬಿ ಗದ್ದೆ ಅಡ ಇಡಬಹುದೇ?

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನವರು. ಮಗಳು ಮೈಸೂರಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಪೈಲಟ್ ಆಗಬೇಕೆಂಬ ಆಸೆ ಅವಳಿಗೆ ಹೈಸ್ಕೂಲಿನಿಂದಲೂ ಇದೆ. ಇಂಡಿಗೋ, ಏರ್ ಇಂಡಿಯಾ, ಆಕಾಸ ಎಲ್ಲ ಸೇರಿ ಸಾವಿರದ ಐನೂರಕ್ಕೂ ಹೆಚ್ಚು ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟಿವೆ, ಒಂದೊಂದಕ್ಕೆ ಹನ್ನೆರಡು ಪೈಲಟ್‌ಗಳು ಬೇಕು, ಲೆಕ್ಕ ನೀವೇ ಹಾಕಿಕೊಳ್ಳಿ ಎಂದು ಇಲ್ಲಿನ ಸಲಹಾ ಕೇಂದ್ರದವರೊಬ್ಬರು ಹೇಳುತ್ತಾರೆ. ತರಬೇತಿ ಮತ್ತು ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಸೇರಿ 85 ಲಕ್ಷ, ಈ ತಿಂಗಳೇ 20 ಲಕ್ಷ ಕಟ್ಟಿದರೆ ರಿಯಾಯಿತಿ, ಕೆಲಸ ಖಾತ್ರಿ ಎಂಬುದು ಅವರ ಮಾತು. ನಮಗಿರುವುದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಎರಡೂವರೆ ಎಕರೆ ಗದ್ದೆ. ಅದನ್ನು ಅಡ ಇಟ್ಟರೆ ಮಾತ್ರ ಇಷ್ಟು ಹಣ ಹುಟ್ಟುತ್ತದೆ. ಈ ಆರ್ಡರ್‌ಗಳೆಲ್ಲ ಬರೀ ಪ್ರಚಾರ, ಕಿಂಗ್‌ಫಿಷರ್ ಗತಿ ಏನಾಯಿತು ನೋಡಲಿಲ್ಲವೇ ಎಂದು ನನ್ನ ಭಾವಮೈದ ತಡೆಯುತ್ತಿದ್ದಾನೆ. ಯಾರ ಮಾತು ಕೇಳಲಿ? ಇಷ್ಟು ವಿಮಾನ ಬಂದರೆ ಮೈಸೂರಿಗೂ ದೊಡ್ಡ ವಿಮಾನಗಳು ಬಂದು, ಮಗಳು ಇಲ್ಲಿಂದಲೇ ಕೆಲಸ ಮಾಡುವಂತಾದೀತೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಕೆಳಗಿರುವ ಚಿಂತೆ ಒಂದೇ. ಪತ್ರಿಕೆಯಲ್ಲಿ ಓದಿದ ವಿಮಾನಗಳ ಸಂಖ್ಯೆಯು ನಿಮ್ಮ ಮಗಳ ಕೈಗೆ ನೇಮಕಾತಿ ಪತ್ರವಾಗಿ ಬರುವುದು ಎಷ್ಟರ ಮಟ್ಟಿಗೆ ಖಚಿತ, ಅದು ಬರುವವರೆಗೆ ಗದ್ದೆಯ ಮೇಲಿನ ಸಾಲ ಕಾಯುತ್ತದೆಯೇ ಎಂಬುದು ಆ ಚಿಂತೆ. ಯಾವ ವಿಮಾನ, ಎಷ್ಟು, ಯಾವಾಗ ಬೇಕು ಎಂದು ವಿಮಾನಯಾನ ಸಂಸ್ಥೆಯೊಳಗೆ ಕುಳಿತು ಲೆಕ್ಕ ಹಾಕುವ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ, ಸಲಹಾ ಕೇಂದ್ರದವರ ಮಾತಿನಲ್ಲೂ ನಿಮ್ಮ ಭಾವಮೈದನ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಆರ್ಡರ್‌ಗಳು ಬರೀ ಪ್ರಚಾರ ಎಂಬುದು ಸರಿಯಲ್ಲ. ಏರ್ ಇಂಡಿಯಾ 2023ರ ಫೆಬ್ರುವರಿಯಲ್ಲಿ 470 ವಿಮಾನಗಳನ್ನು ಪ್ರಕಟಿಸಿತು, 250 ಏರ್‌ಬಸ್‌ನಿಂದ, 220 ಬೋಯಿಂಗ್‌ನಿಂದ. ಆದರೆ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ವರ್ಷ ಜೂನ್‌ನಲ್ಲಿ, ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ. ಅದೇ ಪ್ರದರ್ಶನದಲ್ಲಿ ಇಂಡಿಗೋ ಒಂದೇ ಏಟಿಗೆ 500 ಏರ್‌ಬಸ್ ಎ320 ಕುಟುಂಬದ ವಿಮಾನಗಳಿಗೆ ಸಹಿ ಹಾಕಿತು. ಆಕಾಸ 2024ರ ಜನವರಿಯಲ್ಲಿ 150 ಬೋಯಿಂಗ್ 737 ಮ್ಯಾಕ್ಸ್ ಸೇರಿಸಿ ತನ್ನ ಒಟ್ಟು ಆರ್ಡರನ್ನು 226ಕ್ಕೆ ಒಯ್ದಿತು. ಇವು ಖಾತ್ರಿ ಆರ್ಡರ್‌ಗಳು. ಸಹಿ ಹಾಕುವಾಗ ಒಂದಿಷ್ಟು, ಆಮೇಲೆ ವಿಮಾನ ಕೈಗೆ ಬರುವ ದಿನ ಹತ್ತಿರವಾದಂತೆ ಕಂತುಕಂತಾಗಿ ಮುಂಗಡ ಕಟ್ಟಬೇಕಾಗುತ್ತದೆ. ಕಾರಣವಿಲ್ಲದೆ ಹಿಂದೆ ಸರಿದರೆ ಆ ಹಣ ಹೋಗುತ್ತದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಬಗೆ ಆಯ್ಕೆಯ ಹಕ್ಕು: ಬೇಕೆನಿಸಿದರೆ ಮುಂದೆ ಇಷ್ಟು ಕೊಳ್ಳುತ್ತೇವೆ ಎಂಬ ಮಾತು. ಇಂಡಿಗೋ 2024ರ ಏಪ್ರಿಲ್‌ನಲ್ಲಿ ದೂರ ಹಾರುವ 30 ದೊಡ್ಡ ಎ350 ವಿಮಾನಗಳನ್ನು ಖಾತ್ರಿಯಾಗಿಯೂ 70ನ್ನು ಹಕ್ಕಾಗಿಯೂ ಪಡೆದು, 2025ರಲ್ಲಿ ಆ 70ರಲ್ಲಿ ಮೂವತ್ತನ್ನು ಮಾತ್ರ ಖಾತ್ರಿಗೆ ತಿರುಗಿಸಿತು. ಸುದ್ದಿಯ ಶೀರ್ಷಿಕೆಗಳಲ್ಲಿ ಇವೆರಡೂ ಒಂದೇ ಸಂಖ್ಯೆಯಾಗಿ ಬೆರೆತು ಕಾಣಿಸಿಕೊಳ್ಳುವುದುಂಟು.

ಖಾತ್ರಿ ಆರ್ಡರ್ ಎಂದರೂ ಅದು ಸರದಿಯಲ್ಲಿ ಹಿಡಿದ ಜಾಗವೇ ಹೊರತು ನಿಲ್ದಾಣಕ್ಕೆ ಬಂದು ನಿಂತ ವಿಮಾನವಲ್ಲ. ಕಬ್ಬಿನ ಸೀಮೆಯವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಕಾರ್ಖಾನೆಯಲ್ಲಿ ಕಬ್ಬು ನೋಂದಣಿ ಆಗುವುದೇ ಬೇರೆ, ಕಟಾವಿನ ಅಪ್ಪಣೆ ಕೈಗೆ ಬರುವುದೇ ಬೇರೆ, ಮನೆಯ ಸಾಲದ ಕಂತು ಈ ಎರಡರ ನಡುವಿನ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಡಿಗೋದ ಆ 500 ವಿಮಾನಗಳು ಬರಬೇಕಾದದ್ದು 2030ರಿಂದ 2035ರ ನಡುವೆ. ಇಷ್ಟು ಮುಂಚೆ ಸರದಿ ಹಿಡಿಯುವುದೇಕೆಂದರೆ, ಈ ಗಾತ್ರದ ಪ್ರಯಾಣಿಕ ವಿಮಾನಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಎರಡೇ, ಅವುಗಳ ಮುಂದೆ ಹಲವು ವರ್ಷಗಳ ತಯಾರಿಕೆಗೆ ಸಾಲುವಷ್ಟು ಆರ್ಡರ್ ಈಗಾಗಲೇ ಬಾಕಿಯಿದೆ.

ಸಲಹಾ ಕೇಂದ್ರದವರ ಲೆಕ್ಕ ಮೊದಲು ತಪ್ಪುವುದು ಇನ್ನೊಂದು ಕಡೆ. ಬರುವ ವಿಮಾನಗಳೆಲ್ಲ ಹೆಚ್ಚುವರಿ ವಿಮಾನಗಳಲ್ಲ. ಅವುಗಳಲ್ಲಿ ದೊಡ್ಡ ಪಾಲು ಹಳೆಯವುಗಳ ಜಾಗಕ್ಕೆ ಬರುವಂಥವು. ನಮ್ಮ ದೇಶದ ಸಂಸ್ಥೆಗಳು ವಿಮಾನಗಳನ್ನು ಬಹುಪಾಲು ಗುತ್ತಿಗೆಯ ಮೇಲೆ ಓಡಿಸುತ್ತವೆ. ನೂರಾರು ವಿಮಾನಗಳನ್ನು ಒಟ್ಟಿಗೆ ಕೇಳಿದಾಗ ತಯಾರಕರು ಬೆಲೆಯಲ್ಲಿ ಭಾರಿ ಕಡಿತ ಕೊಡುತ್ತಾರೆ. ವಿಮಾನ ಕೈಗೆ ಬಂದ ದಿನವೇ ಸಂಸ್ಥೆಯು ಅದನ್ನು ಗುತ್ತಿಗೆ ಕಂಪನಿಗೆ ಮಾರಿ, ಅದರಿಂದಲೇ ಕೆಲವು ವರ್ಷಗಳ ಮಟ್ಟಿಗೆ ಬಾಡಿಗೆಗೆ ಪಡೆಯುತ್ತದೆ. ಈ ವ್ಯವಹಾರ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ಫ್ರಾನ್ಸಿನ ಟುಲೂಸ್‌ನಲ್ಲೋ ಜರ್ಮನಿಯ ಹ್ಯಾಂಬರ್ಗ್‌ನಲ್ಲೋ ಸಂಸ್ಥೆಯ ಎಂಜಿನಿಯರ್‌ಗಳು ದಿನಗಟ್ಟಲೆ ಇದ್ದು ವಿಮಾನದ ಹೊರಮೈ, ಸೀಟು, ದಾಖಲೆ ಎಲ್ಲವನ್ನೂ ಪರಿಶೀಲಿಸಿ, ಪರೀಕ್ಷಾ ಹಾರಾಟ ಮುಗಿಸಿ ಒಪ್ಪಿಗೆ ಕೊಡುತ್ತಾರೆ. ಕೊನೆಗೆ ತಯಾರಕ, ಸಂಸ್ಥೆ, ಗುತ್ತಿಗೆ ಕಂಪನಿ, ಬ್ಯಾಂಕು, ವಕೀಲರು ಎಲ್ಲರೂ ಒಂದೇ ಫೋನ್ ಕರೆಯಲ್ಲಿ ಸೇರುತ್ತಾರೆ. ಹಣ ಬಂತೆಂದು ಬ್ಯಾಂಕು ಹೇಳಿದ ಕೆಲವೇ ನಿಮಿಷಗಳಲ್ಲಿ ವಿಮಾನದ ಒಡೆತನ ತಯಾರಕರಿಂದ ಸಂಸ್ಥೆಗೂ, ಸಂಸ್ಥೆಯಿಂದ ಗುತ್ತಿಗೆ ಕಂಪನಿಗೂ ದಾಟಿಹೋಗುತ್ತದೆ. ಪಾರ್ಕಿಂಗ್ ಜಾಗದಲ್ಲಿ ನಿಂತ ವಿಮಾನ ಅಷ್ಟು ಹೊತ್ತೂ ಅಲ್ಲಾಡಿರುವುದಿಲ್ಲ.

ಗುತ್ತಿಗೆ ಮುಗಿದಾಗ ಹಳೆಯ ವಿಮಾನ ಹಿಂದಿರುಗುತ್ತದೆ, ಅದರ ಜಾಗಕ್ಕೆ ಆರ್ಡರಿನ ಹೊಸದು ಬರುತ್ತದೆ. ಆರು ವರ್ಷ, ಹನ್ನೆರಡು ವರ್ಷಕ್ಕೆ ಬರುವ ದುಬಾರಿ ದುರಸ್ತಿ ತಪಾಸಣೆಗಳ ಹೊರೆಯನ್ನು ತಗ್ಗಿಸಲು ಇದೊಂದು ದಾರಿ. ಇನ್ನೊಂದು ಕಾರಣ ಇಂಧನ: ಹಳೆಯ ಎ320ಕ್ಕಿಂತ ಹೊಸ ನಿಯೋ ಮಾದರಿ ಶೇ 15ಕ್ಕೂ ಹೆಚ್ಚು ಇಂಧನ ಉಳಿಸುತ್ತದೆ. ನಮ್ಮಲ್ಲಿ ಇಂಧನವೇ ಅತಿ ದೊಡ್ಡ ಖರ್ಚಾಗಿರುವುದರಿಂದ ಈ ಉಳಿತಾಯ ಸಂಸ್ಥೆಯ ಅಳಿವು ಉಳಿವಿನ ಪ್ರಶ್ನೆ. ಇಂಡಿಗೋದ ಬಳಿ ನಾನೂರಕ್ಕೂ ಹೆಚ್ಚು ವಿಮಾನಗಳಿವೆ, ಸುಮಾರು ಒಂಬೈನೂರು ಬರಬೇಕಿವೆ, ಆದರೆ 2030ಕ್ಕೆ ಆರುನೂರರ ಗಡಿ ದಾಟುವುದು ಆ ಸಂಸ್ಥೆಯೇ ಹೇಳಿಕೊಂಡ ಗುರಿ. ಪೈಲಟ್‌ಗಳ ಲೆಕ್ಕ ಹಾಕುವಾಗ ಗಮನಿಸಬೇಕಾದದ್ದು ಈ ನಿವ್ವಳ ಏರಿಕೆ. ಏರ್ ಇಂಡಿಯಾದ ಕಥೆಯೂ ಬೇರೆಯಲ್ಲ. ಅಲ್ಲಿ ಹಳೆಯದನ್ನು ಬದಲಿಸುವ ತುರ್ತು ಇನ್ನೂ ಹೆಚ್ಚು.

ಇನ್ನು ತಡ. 2023ರ ಜುಲೈಯಲ್ಲಿ ಪ್ರ್ಯಾಟ್ ಅಂಡ್ ವಿಟ್ನಿಯ ಮಾತೃ ಕಂಪನಿಯು ಎ320 ನಿಯೋ ವಿಮಾನಗಳಿಗೆ ಕೊಟ್ಟ ತನ್ನ ಎಂಜಿನ್‌ಗಳ ಟರ್ಬೈನ್ ಡಿಸ್ಕ್‌ಗಳಲ್ಲಿ ದೋಷವಿರಬಹುದೆಂದು ಪ್ರಕಟಿಸಿತು. ಆ ಡಿಸ್ಕ್‌ಗಳನ್ನು ಮಾಡುವ ಲೋಹದ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಮಶ ಸೇರಿತ್ತು, ಅದರಿಂದ ಕಾಲಕ್ರಮೇಣ ಬಿರುಕು ಬಿಡುವ ಅಪಾಯವಿತ್ತು. ತಪಾಸಣೆಗೆ ಎಂಜಿನನ್ನು ರೆಕ್ಕೆಯಿಂದ ಇಳಿಸಲೇಬೇಕು. ಒಂದೊಂದು ಎಂಜಿನ್ ಹಿಂದಿರುಗಲು 250ರಿಂದ 300 ದಿನ ಹಿಡಿಯುತ್ತದೆಂದು ಆ ಕಂಪನಿಯೇ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಂದಾಜು ಮಾಡಿತ್ತು. ಒಂದು ಹಂತದಲ್ಲಿ ಇಂಡಿಗೋದ ಎಪ್ಪತ್ತರಷ್ಟು ವಿಮಾನಗಳು ಎಂಜಿನ್ ಇಲ್ಲದೆ ನಿಂತವು. ಹಾಗೆ ನಿಂತ ವಿಮಾನಕ್ಕೂ ಬಾಡಿಗೆ ಕಟ್ಟಬೇಕು, ಆದರೆ ಅದಕ್ಕೆ ಪೈಲಟ್ ಬೇಕಿಲ್ಲ. ಬೋಯಿಂಗ್‌ನ ಸಂಕಟ ಬೇರೆ. 2024ರ ಜನವರಿಯಲ್ಲಿ ಅಮೆರಿಕದಲ್ಲಿ ಹಾರುತ್ತಿದ್ದ ಮ್ಯಾಕ್ಸ್ ವಿಮಾನದ ಬಾಗಿಲಿನ ಜಾಗವನ್ನು ಮುಚ್ಚಿದ್ದ ಫಲಕ ಕಿತ್ತುಹೋದ ಮೇಲೆ, ತಿಂಗಳಿಗೆ 38ಕ್ಕಿಂತ ಹೆಚ್ಚು ಮ್ಯಾಕ್ಸ್ ತಯಾರಿಸದಂತೆ ಅಲ್ಲಿನ ನಿಯಂತ್ರಕರು ಮಿತಿ ಹಾಕಿದರು. ವರ್ಷದ ಕೊನೆಯಲ್ಲಿ ಕಾರ್ಮಿಕರ ಮುಷ್ಕರವೂ ಸೇರಿತು. ವಿಮಾನ ಬರುತ್ತದೆಂದು ಮೊದಲೇ ಪೈಲಟ್‌ಗಳನ್ನು ನೇಮಿಸಿಕೊಂಡು, ವಿಮಾನ ಬಾರದೆ ಅವರನ್ನು ತಿಂಗಳುಗಟ್ಟಲೆ ಕೂರಿಸಬೇಕಾದ ಸ್ಥಿತಿ ನಮ್ಮ ದೇಶದಲ್ಲೂ ಬಂದಿತ್ತು.

ನಿಮ್ಮ ಭಾವಮೈದನ ಮಾತಿಗೆ ಬರುತ್ತೇನೆ. ಕಿಂಗ್‌ಫಿಷರ್ ಐದು ಎ380 ಮಹಾವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಒಂದೂ ಬರಲಿಲ್ಲ, 2012ರಲ್ಲಿ ಸಂಸ್ಥೆಯೇ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಇನ್ನೂರಕ್ಕೂ ಹೆಚ್ಚು ಮ್ಯಾಕ್ಸ್ ವಿಮಾನಗಳು ಅದರ ಹೆಸರಿನಲ್ಲಿ ಬಾಕಿಯಿದ್ದವು. 2023ರ ಮೇಯಲ್ಲಿ ಗೋ ಫಸ್ಟ್ ನಿಂತಾಗ, ಒಟ್ಟು 144 ಎ320 ನಿಯೋ ಆರ್ಡರಿನಲ್ಲಿ ಬಹುಪಾಲು ಇನ್ನೂ ಬಂದಿರಲಿಲ್ಲ. ಇಂಥ ಪ್ರತಿ ಪತನದಿಂದ ಹೊಸಬರಿಗೆ ಆಗುವ ಪೆಟ್ಟನ್ನು ಸಲಹಾ ಕೇಂದ್ರಗಳು ಹೇಳುವುದಿಲ್ಲ. ಸಾವಿರಾರು ಗಂಟೆ ಹಾರಿದ, ಅದೇ ಮಾದರಿಯ ವಿಮಾನಕ್ಕೆ ಅರ್ಹತೆಯಿರುವ ನೂರಾರು ಪೈಲಟ್‌ಗಳು ಒಮ್ಮೆಲೇ ಕೆಲಸ ಹುಡುಕಿಕೊಂಡು ಬರುತ್ತಾರೆ. 200 ಗಂಟೆ ಹಾರಿ ಲೈಸೆನ್ಸ್ ಹಿಡಿದು ನಿಂತ ಇಪ್ಪತ್ತೊಂದರ ಹುಡುಗಿ ಅವರೆಲ್ಲರ ಹಿಂದೆ ನಿಲ್ಲಬೇಕಾಗುತ್ತದೆ. ಕಿಂಗ್‌ಫಿಷರ್ ನಂತರದ ವರ್ಷಗಳಲ್ಲಿ ಲೈಸೆನ್ಸ್ ಇದ್ದೂ ಕೆಲಸವಿಲ್ಲದವರು ಸಾವಿರಗಟ್ಟಲೆ ಇದ್ದರು.

ವಿಮಾನಕ್ಕೆ ಹನ್ನೆರಡು ಪೈಲಟ್ ಎಂಬುದು ಮಾತ್ರ ಸರಿಯಾದ ಲೆಕ್ಕವೇ. ಎ320 ದಿನಕ್ಕೆ ಹನ್ನೆರಡು ಗಂಟೆ ಹಾರಿದರೂ ವರ್ಷಕ್ಕೆ ಸುಮಾರು 4,400 ಗಂಟೆ. ಕಾಕ್‌ಪಿಟ್‌ನಲ್ಲಿ ಇಬ್ಬರು ಬೇಕಾದ್ದರಿಂದ 8,800 ಪೈಲಟ್ ಗಂಟೆ. ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆ ಮೀರುವಂತಿಲ್ಲ; ರಜೆ, ತರಬೇತಿ, ವಾರದ ವಿಶ್ರಾಂತಿ ಕಳೆದರೆ ಕೈಗೆ ಸಿಗುವುದು ಏಳೆಂಟು ನೂರು ಗಂಟೆ. ಭಾಗಿಸಿದರೆ ಹನ್ನೊಂದರಿಂದ ಹದಿಮೂರು ಬರುತ್ತದೆ. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ಹೊಸ ನಿಯಮಗಳು ಈ ಅಗತ್ಯವನ್ನು ಇನ್ನಷ್ಟು ಹೆಚ್ಚಿಸಿವೆ. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದದ್ದಕ್ಕೆ ಒಂದು ಮುಖ್ಯ ಕಾರಣ ಆ ನಿಯಮಗಳಿಗೆ ತಕ್ಕಷ್ಟು ಪೈಲಟ್‌ಗಳು ಇಲ್ಲದಿದ್ದದ್ದು. ಆದ್ದರಿಂದ ಪೈಲಟ್‌ಗಳ ಕೊರತೆ ಸುಳ್ಳೆಂದು ನಾನು ಹೇಳಲಾರೆ.

ಕೊರತೆ ಯಾವ ಸೀಟಿನಲ್ಲಿ ಎಂಬುದನ್ನು ಮಾತ್ರ ನೀವು ಕೇಳಲೇಬೇಕು. ಆ ಹನ್ನೆರಡರಲ್ಲಿ ಅರ್ಧ ಮಂದಿ ಕ್ಯಾಪ್ಟನ್‌ಗಳಾಗಿರಬೇಕು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೇ 1,500 ಗಂಟೆ ಹಾರಾಟ ಬೇಕು, ಅದರ ಮೇಲೆ ಸಂಸ್ಥೆಯ ಸ್ವಂತ ಅಳತೆಗೋಲುಗಳಿವೆ. ಸಂಸ್ಥೆಗಳು ವಿದೇಶಿ ಪೈಲಟ್‌ಗಳನ್ನು ಹೆಚ್ಚು ಸಂಬಳ ಕೊಟ್ಟು ಕರೆಸುವುದು ಈ ಎಡಗಡೆಯ ಸೀಟಿಗಾಗಿ. ಬಲಗಡೆಯ ಸೀಟಿಗೆ, ಅಂದರೆ ಹೊಸ ಕೋ-ಪೈಲಟ್ ಕೆಲಸಕ್ಕೆ, ಸಾಲು ದೊಡ್ಡದಿದೆ; ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2023 ಒಂದೇ ವರ್ಷದಲ್ಲಿ 1,600ಕ್ಕೂ ಹೆಚ್ಚು ಕಮರ್ಷಿಯಲ್ ಲೈಸೆನ್ಸ್‌ಗಳನ್ನು ಕೊಟ್ಟಿದೆ. ಈಗಿನ ಕೋ-ಪೈಲಟ್‌ಗಳು ಕ್ಯಾಪ್ಟನ್‌ಗಳಾದಂತೆ ಬಲಗಡೆಯ ಸೀಟುಗಳು ತೆರವಾಗುತ್ತವೆ, ಆ ಅವಕಾಶ ನಿಜವಾದದ್ದು. ಆದರೆ ಅದು ಅಲೆಅಲೆಯಾಗಿ ಬರುತ್ತದೆ, ಎರಡು ಅಲೆಗಳ ನಡುವೆ ಒಂದೆರಡು ವರ್ಷದ ಬಿಡುವು ಸಹಜ. ಸಂಸ್ಥೆಗೆ ಆ ಬಿಡುವು ದೊಡ್ಡ ವಿಷಯವಲ್ಲ. 85 ಲಕ್ಷದ ಸಾಲಕ್ಕೆ ಶೇ 11ರ ಬಡ್ಡಿ ಎಂದರೆ ವರ್ಷಕ್ಕೆ ಒಂಬತ್ತು ಲಕ್ಷ ಮೂವತ್ತೈದು ಸಾವಿರ, ತಿಂಗಳಿಗೆ ಎಪ್ಪತ್ತೆಂಟು ಸಾವಿರ ರೂಪಾಯಿ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎರಡೂವರೆ ಎಕರೆ ಗದ್ದೆ ಇಷ್ಟನ್ನು ಎಷ್ಟು ದಿನ ಹೊತ್ತೀತು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮೈಸೂರಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್. ಎಟಿಆರ್ 72ರಂಥ ಪ್ರೊಪೆಲರ್ ವಿಮಾನಕ್ಕೆ ಅದು ಸಾಕು, ತುಂಬು ಪ್ರಯಾಣಿಕರ ಎ320ಕ್ಕೋ 737ಕ್ಕೋ ಸಾಲದು. ಸುದ್ದಿಯಲ್ಲಿರುವ ಆರ್ಡರ್‌ಗಳು ಹೆಚ್ಚುಕಮ್ಮಿ ಪೂರ್ತಿಯಾಗಿ ಈ ಎರಡನೆಯ ಬಗೆಯವು. ರನ್‌ವೇಯನ್ನು 2,750 ಮೀಟರ್‌ಗೆ ವಿಸ್ತರಿಸುವ ಯೋಜನೆಗೆ ಭೂಸ್ವಾಧೀನವಾಗಬೇಕು, ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿಯ ಪ್ರಶ್ನೆ ಬಗೆಹರಿಯಬೇಕು. 2023ರಲ್ಲಿ ದಶಪಥ ಹೆದ್ದಾರಿ ತೆರೆದ ಮೇಲೆ ನಮ್ಮ ಭಾಗದವರು ಬೆಂಗಳೂರಿಗೆ ಹೋಗಿಯೇ ವಿಮಾನ ಹತ್ತುವುದು ಇನ್ನಷ್ಟು ಸುಲಭವಾಗಿದೆ. ಹೊಸ ಕೋ-ಪೈಲಟ್‌ಗೆ ಯಾವ ಊರಿನಲ್ಲಿ ನೆಲೆ ಎಂಬುದನ್ನು ಹೇಗೂ ಸಂಸ್ಥೆಯೇ ನಿರ್ಧರಿಸುತ್ತದೆ. ಈ ಆಸೆಯನ್ನು ಲೆಕ್ಕದಿಂದ ಹೊರಗಿಡಿ.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲ ಹೆಜ್ಜೆಗೆ ಗದ್ದೆ ಬೇಕಿಲ್ಲ. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಲ್ಲಿ ಎರಡನೆಯ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿ, ಆಮೇಲೆ ಮೊದಲ ದರ್ಜೆಯದಕ್ಕೆ ಸಮಯ ಕಾದಿರಿಸಿ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಯುತ್ತದೆ. ಕನ್ನಡಕವಿದ್ದರೆ ಪೈಲಟ್ ಆಗುವಂತಿಲ್ಲ ಎಂಬುದು ತಪ್ಪು ನಂಬಿಕೆ. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಿದ್ದರೆ ಸಾಕು, ಬಣ್ಣ ಗುರುತಿಸುವ ಶಕ್ತಿ ಮಾತ್ರ ಸರಿಯಾಗಿರಬೇಕು. ಇದರಲ್ಲಿ ತೇರ್ಗಡೆಯಾಗುವ ಮೊದಲು ಯಾರಿಗೂ ಒಂದು ರೂಪಾಯಿ ಮುಂಗಡ ಕೊಡಬೇಡಿ. ಮೊದಲ ದರ್ಜೆಯ ಪರೀಕ್ಷೆಯನ್ನು ವರ್ಷವರ್ಷವೂ ಮಾಡಿಸಬೇಕು, ಎಂದಾದರೂ ಅನರ್ಹಳಾದರೆ ಸಂಬಳ ನಿಲ್ಲುತ್ತದೆ ಎಂಬುದೂ ಈ ವೃತ್ತಿಯ ಅಪಾಯಗಳಲ್ಲಿ ಒಂದು. ಎರಡನೆಯ ಹೆಜ್ಜೆ ಡಿಜಿಸಿಎಯ ಲಿಖಿತ ಪರೀಕ್ಷೆಗಳು: ಹಾರಾಟದ ದಾರಿ ಲೆಕ್ಕ ಹಾಕುವ ಏರ್ ನ್ಯಾವಿಗೇಶನ್, ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯಗಳು. ಭೌತಶಾಸ್ತ್ರ, ಗಣಿತ ಓದಿದ ಹುಡುಗಿ ಹಾರಾಟಕ್ಕೆ ಸೇರುವ ಮೊದಲೇ ಇವುಗಳಲ್ಲಿ ಬಹುಪಾಲು ಮುಗಿಸಬಹುದು, ಖರ್ಚೂ ಕಡಿಮೆ. ಹಾರಾಟ ಶಾಲೆಯಲ್ಲಿ ಪರೀಕ್ಷೆಗೆ ಕಾಯುತ್ತಾ ತಿಂಗಳು ಕಳೆಯುವ ಹುಡುಗರನ್ನು ಬಹಳ ನೋಡಿದ್ದೇನೆ.

ಅನಂತರದ ದಾರಿಗಳಲ್ಲಿ ಅಗ್ಗದ್ದು ಸರ್ಕಾರಿ ಶಾಲೆಗಳದು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಹಾರಾಟ ತರಬೇತಿ ಶಾಲೆಯಿದೆ, ಉತ್ತರ ಪ್ರದೇಶದ ರಾಯ್‌ಬರೇಲಿ ಬಳಿ ಪ್ರವೇಶ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುವ ಕೇಂದ್ರ ಸರ್ಕಾರದ ಅಕಾಡೆಮಿಯಿದೆ, ಮಂಡಕಳ್ಳಿಯಲ್ಲೇ ಖಾಸಗಿ ಶಾಲೆಯೊಂದಿದೆ. ಇಲ್ಲಿನ ಅಪಾಯ ವಿಳಂಬ: ತರಬೇತಿ ವಿಮಾನಗಳು, ಬೋಧಕರು, ಮಳೆಗಾಲ ಇವುಗಳಲ್ಲಿ ಯಾವುದು ಕೈಕೊಟ್ಟರೂ 200 ಗಂಟೆ ಮುಗಿಸಲು ಎರಡು ವರ್ಷ ಮೂರಾಗುತ್ತದೆ. 2025ರಿಂದ ಡಿಜಿಸಿಎ ಈ ಶಾಲೆಗಳಿಗೆ ವರ್ಷಕ್ಕೆರಡು ಬಾರಿ ದರ್ಜೆ ಪ್ರಕಟಿಸುತ್ತಿದೆ. ಅದನ್ನು ನೋಡಿ, ಆಮೇಲೆ ಶಾಲೆಗೆ ಹೋಗಿ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ವಿದ್ಯಾರ್ಥಿಗಳೆಷ್ಟು ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ವಿದೇಶದಲ್ಲಿ ತರಬೇತಿ ಬೇಗ ಮುಗಿಯುತ್ತದೆ, ಆದರೆ ಇಲ್ಲಿಗೆ ಬಂದು ಲೈಸೆನ್ಸ್ ಪರಿವರ್ತನೆಗೆ ಮತ್ತೆ ಪರೀಕ್ಷೆ, ಹಾರಾಟ, ಕಾಯುವಿಕೆ ಇದ್ದೇ ಇದೆ.

ವಿಮಾನಯಾನ ಸಂಸ್ಥೆಗಳೇ ಹೊಸಬರನ್ನು ಆರಿಸಿ ತರಬೇತಿಗೆ ಕಳುಹಿಸುವ ಕೆಡೆಟ್ ಯೋಜನೆಗಳು ಕೆಲಸಕ್ಕೆ ಅತಿ ಹತ್ತಿರದ ದಾರಿ. ಆಯ್ಕೆ ಮೊದಲೇ ನಡೆಯುವುದರಿಂದ ಅರ್ಹತೆಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ಖರ್ಚು ಕೋಟಿಯ ಆಸುಪಾಸಿನದು, ಸಂಸ್ಥೆ ಕೊಡುವ ಪತ್ರವೂ ಷರತ್ತಿನ ಪತ್ರವೇ. ಆ ಹೊತ್ತಿಗೆ ಅಗತ್ಯವಿದ್ದರೆ ಎಂಬ ಮಾತು ಅದರಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ನಿಮ್ಮ ಸಲಹಾ ಕೇಂದ್ರದವರು ಹೇಳುತ್ತಿರುವುದು ಈ ಬಗೆಯದಲ್ಲ ಎಂದು ನನ್ನ ಅನಿಸಿಕೆ. ಸಂಸ್ಥೆಯ ಹೆಸರಿನಲ್ಲಿ ಪತ್ರ ಕೊಡಲಾಗದ ಮಧ್ಯವರ್ತಿಗೆ ಕೆಲಸ ಖಾತ್ರಿ ಎನ್ನುವ ಅಧಿಕಾರವಿಲ್ಲ. ಟೈಪ್ ರೇಟಿಂಗನ್ನು ಮೊದಲೇ ಪ್ಯಾಕೇಜಿಗೆ ಸೇರಿಸಿರುವುದು ಇನ್ನೊಂದು ಎಚ್ಚರಿಕೆಯ ವಿಷಯ. ಅದು ಒಂದು ಮಾದರಿಯ ವಿಮಾನಕ್ಕೆ ಮಾತ್ರ ಸಲ್ಲುವ ತರಬೇತಿ. ಎ320ಕ್ಕೆ ಮಾಡಿಸಿಕೊಂಡ ಮೇಲೆ ನೇಮಕಾತಿ ನಡೆಯುತ್ತಿರುವುದು 737 ಹಾರಿಸುವ ಸಂಸ್ಥೆಯಲ್ಲಾದರೆ ಆ ಹತ್ತಿಪ್ಪತ್ತು ಲಕ್ಷ ಕೈಬಿಟ್ಟಂತೆ, ಹಾರಾಟವಿಲ್ಲದೆ ಕುಳಿತರೆ ಅದನ್ನು ಮತ್ತೆ ಊರ್ಜಿತಗೊಳಿಸಲೂ ಖರ್ಚು. ಕೆಲಸದ ಪತ್ರ ಬಂದ ಮೇಲೆ ಮಾಡಿಸಿದರೆ ಸಾಕು.

ನನ್ನ ಅಭಿಪ್ರಾಯ ಹೀಗಿದೆ. ಮಗಳಿಗೆ ಹದಿನೆಂಟು; ಆರ್ಡರ್‌ಗಳ ದೊಡ್ಡ ಪಾಲು ಬರುವುದು 2030ರ ನಂತರ. ಅವಸರಪಡಬೇಕಾದ ಕಾರಣ ನಿಮಗಿಲ್ಲ, ಇರುವುದು ಸಲಹಾ ಕೇಂದ್ರದವರಿಗೆ. ಪಿಯುಸಿ ಮುಗಿಯಲಿ, ವೈದ್ಯಕೀಯ ಪರೀಕ್ಷೆಯೂ ಲಿಖಿತ ಪರೀಕ್ಷೆಗಳೂ ಆಗಲಿ, ಜೊತೆಗೆ ಪದವಿಗೆ ಸೇರಲಿ. ಸರ್ಕಾರಿ ಶಾಲೆಗೂ ಕೆಡೆಟ್ ಆಯ್ಕೆಗೂ ಅರ್ಜಿ ಹಾಕಲಿ. ಸಾಲ ಮಾಡುವುದಾದರೆ ಹಾರಿದ ಗಂಟೆಗಳಿಗೆ ತಕ್ಕಂತೆ ಬ್ಯಾಂಕಿನಿಂದ ನೇರವಾಗಿ ಶಾಲೆಗೆ ಕಂತಿನಲ್ಲಿ ಹೋಗುವಂಥ ಸಾಲ ಮಾಡಿ. ಅಡ ಇಡಲೇಬೇಕಾದರೂ ಇಡೀ ಎರಡೂವರೆ ಎಕರೆಯನ್ನು ಒಟ್ಟಿಗೆ ಇಡಬೇಡಿ. ವಿಮಾನದ ದುರಸ್ತಿ ಎಂಜಿನಿಯರ್ ಓದನ್ನೂ ಅವಳ ಮುಂದಿಡಿ. ಖರ್ಚು ಬಹಳ ಕಡಿಮೆ, ಹಳೆಯ ವಿಮಾನಕ್ಕೂ ಹೊಸ ವಿಮಾನಕ್ಕೂ ಅವರು ಬೇಕು, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ದೊಡ್ಡ ದುರಸ್ತಿ ಕೇಂದ್ರವೊಂದು ತಲೆಯೆತ್ತುತ್ತಿದೆ. ಹಾರಲೇಬೇಕೆಂಬ ಹಟ ಅವಳದಾಗಿದ್ದರೆ ಅದನ್ನು ಬಲವಂತವಾಗಿ ತಿರುಗಿಸುವುದೂ ಬೇಡ. ನಮ್ಮ ದೇಶದಲ್ಲಿ ಮಹಿಳಾ ಪೈಲಟ್‌ಗಳ ಪ್ರಮಾಣ ಜಗತ್ತಿನ ಸರಾಸರಿಗಿಂತ ಎಷ್ಟೋ ಮೇಲಿದೆ, ದಾರಿ ಅವಳಿಗೆ ತೆರೆದೇ ಇದೆ.

ಈ ತಿಂಗಳು ಕಟ್ಟಬೇಕೆಂದಿರುವ 20 ಲಕ್ಷವನ್ನು ಕಟ್ಟಬೇಡಿ. ಅದರ ಬದಲು ಒಪ್ಪಂದದ ಕರಡನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಯಾವ ಶಾಲೆ, ಎಷ್ಟು ಗಂಟೆ, ಅರ್ಧದಲ್ಲಿ ನಿಂತರೆ ಎಷ್ಟು ಹಣ ವಾಪಸ್ಸು, ಕೆಲಸ ಖಾತ್ರಿ ಎಂಬ ಮಾತಿಗೆ ಯಾರ ಸಹಿ ಎಂಬ ಪುಟಗಳನ್ನು ನನಗೆ ಕಳುಹಿಸಿದರೆ ಓದಿ, ಒಂದೊಂದು ಷರತ್ತಿನ ಬಗ್ಗೆಯೂ ಬರೆಯುತ್ತೇನೆ. ಕರಡು ಕೊಡಲು ಅವರು ಹಿಂಜರಿದರೆ ಅಲ್ಲಿಗೆ ಮಾತುಕತೆ ನಿಲ್ಲಿಸಿ.